ದಾರ ಹಿಡಿದ ಕೈ

ಕೇಪ್ ಕೋಸ್ಟಿನ ಕ್ಷೌರದಂಗಡಿಯಲ್ಲಿ
ಇವತ್ತೂ ಅದೇ ಜಗಳ:
ಅರವತ್ತನಾಲ್ಕರ ನೂರು ಗಜದಲ್ಲಿ ಎಕೊ ಎಸಿಲ್ಫಿ
ಓಡಿದ್ದು ಒಂಬತ್ತು ಎಂಟೋ, ಒಂಬತ್ತು ಒಂಬತ್ತೋ.
ಕತ್ತರಿ ಹಿಡಿದವನು ಹುಟ್ಟಿದ್ದೇ ಎಪ್ಪತ್ತೊಂಬತ್ತರಲ್ಲಿ,
ಅವನಿಗೂ ಒಂದು ಅಭಿಪ್ರಾಯ ಇದೆ.

ನಾನು ಸುಮ್ಮನೆ ಕೂತಿರುತ್ತೇನೆ, ಕೊರಳಿಗೆ ಬಿಳಿ ಬಟ್ಟೆ.
ತಲೆಯಲ್ಲಿ ಕತ್ತರಿಸಲಿಕ್ಕೆ ಹೆಚ್ಚೇನೂ ಉಳಿದಿಲ್ಲ.

ಆಗ ನನಗೆ ಹನ್ನೆರಡು. ಉಬ್ಬಸದ ಹುಡುಗ,
ಓಡಬಾರದೆಂದು ವೈದ್ಯರ ಚೀಟಿ.
ಅದಕ್ಕೇ ಕ್ವಾನ್ಸಾ ಮೇಷ್ಟ್ರು ಕೈಗೆ ಕೊಟ್ಟರು
ಕೆಂಪು ಉಣ್ಣೆ ದಾರದ ಒಂದು ತುದಿ.
ಇನ್ನೊಂದು ಆಚೆಯ ಗೂಟಕ್ಕೆ.
'ಬಿಗಿಯಾಗಿ ಹಿಡಿ. ಎದೆ ತಾಗಿದೊಡನೆ ಬಿಡು.'

ಎಂಥ ಹುಡುಗರು!
ಕೇಟಾದ ಯಾವೊ ಅಗ್ಬೆಕೊ, ಪಿಸ್ತೂಲು ಸಿಡಿಯುವ ಮುಂಚೆ
ಅವನ ಕಿವಿ ನಿಜವಾಗಿ ಅಲುಗುತ್ತಿತ್ತು, ಮೊಲದ ಹಾಗೆ.
ಕೋಬಿನಾ ಒಟೂ, ಓಟದ ಹಿಂದಿನ ರಾತ್ರಿ
ಬೂಟನ್ನು ದಿಂಬಿನಡಿ ಇಟ್ಟು ಮಲಗುವವನು,
ಮೊಳೆ ಒತ್ತಿ ಕೆನ್ನೆಯಲ್ಲಿ ಮೂರು ಚುಕ್ಕಿ.
ಎಸಿಲ್ಫಿ ನಮ್ಮ ಶಾಲೆಯವನು. ಊಟಕ್ಕೆ ಬಂದನೆಂದರೆ
ಇಡೀ ಸಾಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು.
ಹೆಣ್ಣುಮಕ್ಕಳ ಶಾಲೆಯ ಗೋಡೆ ಮೇಲೆ
ಅವನ ಹೆಸರು ಸೀಮೆಸುಣ್ಣದಲ್ಲಿ, ಒಂದಕ್ಷರ ತಪ್ಪಿ.

ಮತ್ತೆ, ಇದ್ರಿಸು.
ತಮಾಲೆಯಿಂದ ಎರಡು ಹಗಲು ಒಂದು ರಾತ್ರಿ
ಗೆಡ್ಡೆಗೆಣಸಿನ ಲಾರಿಯ ಮೇಲೆ ಕೂತು ಬಂದವನು.
ಬೂಟಿಲ್ಲ. ನಮ್ಮ ಫಾಂಟಿ ಬಾರದು.
ಉಳಿದವರು ಕಾಲಿಗೆ ಬುದ್ಧಿ ಹೇಳುತ್ತಿದ್ದರು;
ಇವನಿಗೆ ಕಾಲೇ ಹೇಳುತ್ತಿತ್ತು, ಇವನು ಕೇಳುತ್ತಿದ್ದ.

ಆ ಜನವರಿ ಹರ್ಮಟಾನ್ ಗಾಳಿ
ಮರುಭೂಮಿಯನ್ನು ಪುಡಿಮಾಡಿ ಕಡಲಿನವರೆಗೂ ತಂದಿತ್ತು.
ಸೂರ್ಯ ಒಂದು ಸವೆದ ನಾಣ್ಯ.
ನೂರು ಗಜದಾಚೆ ಮೊದಲು ಹೊಗೆ ಕಂಡಿತು, ಆಮೇಲೆ ಸದ್ದು,
ಆಮೇಲೆ ಆರು ಎದೆಗಳು ನನ್ನ ಮೇಲೇ ನುಗ್ಗಿದವು.
ಉಗುಳು ನುಂಗುವಷ್ಟು ಹೊತ್ತು, ಅಷ್ಟೇ,
ಅಷ್ಟರಲ್ಲಿ ಒಬ್ಬೊಬ್ಬನ ಹಲ್ಲು ಎಣಿಸಿದ್ದೇನೆ.

ಇದ್ರಿಸು ನನ್ನ ಪಕ್ಕದ ಮೊದಲ ಸಾಲು. ಎಸಿಲ್ಫಿ ನಾಲ್ಕನೆಯದು.
ದಾರ ಜಗ್ಗಿದ್ದು ಮೊದಲು ಇಲ್ಲಿ, ತೋರುಬೆರಳಿನ ಬುಡದಲ್ಲಿ;
ಆಮೇಲೆ, ಒಂದು ಎವೆಯಷ್ಟು ಆಮೇಲೆ, ಅಲ್ಲಿ.

ಮೆಟ್ಟಿಲಿನ ಮೇಲೆ ಮೂವರು ಮೇಷ್ಟ್ರು, ಮೂರು ಗಡಿಯಾರ,
ಮೂರು ಲೆಕ್ಕ. ತಲೆ ಸೇರಿಸಿ ಪಿಸುಗುಟ್ಟಿದರು.
'ಎಸಿಲ್ಫಿ' ಎಂದರು. ಮೈದಾನ ಎದ್ದು ನಿಂತಿತು.
ದಾರವನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ?
ಶಾಲೆಯ ಹಾಡು ಕೂಗುತ್ತಿದ್ದ ಗಂಟಲುಗಳಲ್ಲಿ
ನನ್ನ ಉಬ್ಬಸದ ಗಂಟಲೂ ಇತ್ತು.

ಎಸಿಲ್ಫಿ ಮರದ ವ್ಯಾಪಾರ ಮಾಡಿದ, ಮೂರು ಲಾರಿ ಕೊಂಡ,
ಮೂರರ ಹಣೆಯ ಮೇಲೂ ಬರೆಸಿದ: ಹಿಂದೆ ನೋಡಬೇಡ.
ಹೋದ ವರ್ಷ ಅವನ ಮಕ್ಕಳು ತೇಶಿಯ ಬಡಗಿಗೆ ಹೇಳಿ
ಓಟದ ಬೂಟಿನ ಆಕಾರದ ಶವಪೆಟ್ಟಿಗೆ ತರಿಸಿದರು,
ಮೊಳೆಗಳಿಗೆ ಬೆಳ್ಳಿ ಬಣ್ಣ.
ಒಟೂ ಲಂಡನ್ನಿನಲ್ಲಿ ಬಸ್ಸು ಓಡಿಸಿದ, ಅಲ್ಲೇ ಮುಗಿದ.
ಅಗ್ಬೆಕೊಗೆ ಸಕ್ಕರೆ ಕಾಯಿಲೆ, ಎಡಗಾಲು ತೆಗೆದರು.
ನೋಡಲು ಹೋದಾಗ ನಗುತ್ತ ಹೇಳಿದ:
'ಇಲ್ಲದ ಕಾಲು ರಾತ್ರಿ ಓಡುತ್ತದೆ ಮಾರಾಯ,
ಇರುವ ಕಾಲು ಹಿಂದೆ ಬೀಳುತ್ತದೆ.'

ಇದ್ರಿಸು ಮುಂದಿನ ಅವಧಿಗೆ ಬರಲಿಲ್ಲ.
ಫೀಸು ಎಂದರು, ತಂದೆ ಎಂದರು, ದನ ಎಂದರು.
ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಒಂದು ಗೀಟು,
ಅದೂ ಕೆಂಪು.

'ಅಜ್ಜ, ನೀವು ಅಲ್ಲೇ ಇದ್ದಿರಲ್ಲ, ಹೇಳಿಬಿಡಿ.'
ಕತ್ತರಿ ಕಿವಿಯ ಹತ್ತಿರ ನಿಲ್ಲುತ್ತದೆ.
ಒಂಬತ್ತು ಎಂಟು, ಎನ್ನುತ್ತೇನೆ.
ಯಾರದೆಂದು ಹೇಳುವುದಿಲ್ಲ.

ಓಟ ಮುಗಿದ ಮೇಲೆ ನನ್ನ ಬಳಿಯೇ ಬಗ್ಗಿ ನಿಂತಿದ್ದ,
ಮಂಡಿಗೆ ಕೈ, ಎದೆಗೆ ಅಂಟಿದ ಉಣ್ಣೆಯ ಎಳೆ.
ನನ್ನನ್ನು ನೋಡಿದ. ಹಿಮ್ಮಡಿಯ ಮುಳ್ಳು ಕಿತ್ತ.
ಮತ್ತೆ ನೋಡಿದ. ಹೆಬ್ಬೆರಳನ್ನು ಬಾಯಿಗೆತ್ತಿ
ನೀರು ಕೇಳಿದ.

ಕೊಟ್ಟೆ.
ಅಷ್ಟನ್ನೇ ಕೊಟ್ಟೆ.