ತಟ್ಟಿ ನೋಡು

ಶನಿವಾರ ನೋಡಲಿಕ್ಕೆ, ರವಿವಾರ ಕೂಗಲಿಕ್ಕೆ.
ಪುಣೆ ಕ್ಯಾಂಪಿನ ಆ ಬಂಗಲೆಯಲ್ಲಿ
ಕುರ್ಚಿಯ ಕಾಲಿಗೂ ನಂಬರಿನ ಚೀಟಿ.
ಛತ್ರೆಬಾಯಿ ಮುಂದೆ, ಕೈಯಲ್ಲಿ ಪಟ್ಟಿ;
ಹಿಂದೆ ನಾನು, ಈರಣ್ಣ ಕುಂಬಾರ, ಖಾನಾಪುರದವ,
ಜೇಬಿನಲ್ಲಿ ಬ್ಯಾಟರಿ, ಭೂತಗನ್ನಡಿ, ಒಂದು ಗುಂಡುಸೂಜಿ.
ಗಂಟೆಗೆ ಆರುನೂರು, ಚಹಾ ಬೇರೆ.

ಕೂರಬೇಡಿ ಬಾಯಿ, ಬೋರಲು ಹಾಕಿ.
ಮುಖಕ್ಕೆ ಎಲ್ಲರೂ ಪಾಲಿಶ್ ಹೊಡೆಯುತ್ತಾರೆ,
ಹೊಟ್ಟೆಯಡಿಯ ಮರಕ್ಕೆ ಸುಳ್ಳು ಕಲಿಸಲು ಯಾರಿಗೆ ಪುರುಸೊತ್ತು?
ನೂರು ವರ್ಷ ಕೈ ಊರಿದ ತೋಳು ಸವೆದಿರಬೇಕು;
ಕೈಯೇ ಹೋಗದ ಮೂಲೆಯೂ ಸವೆದಿದ್ದರೆ
ಅದು ವಯಸ್ಸಲ್ಲ, ಮರಳುಕಾಗದ.
ಹುಳದ ತೂತಿಗೆ ಸೂಜಿ ಇಳಿಸಿ ನೋಡಿ:
ಹುಳ ನೆಟ್ಟಗೆ ನಡೆಯುವ ಪ್ರಾಣಿಯಲ್ಲ.
ಸರಕ್ಕನೆ ಇಳಿದರೆ ಅದರ ಹೆಸರು ಡ್ರಿಲ್ಲು.

ಬೆಳ್ಳಿ ಚಮಚೆಯ ಹಿಂದೆ ಬಾಯಾವಿ ಊದಿ,
ಕೆರೆದು ತೆಗೆದ ಯಾರದೋ ಅಕ್ಷರ
ಒಂದು ಗಳಿಗೆ ಮೂಡಿ, ಹೋಗುತ್ತದೆ.
ಗಡಿಯಾರ ನಡೆಯುತ್ತದೆ ಎಂದು ಬರೆದಿದ್ದಾರೆ.
ನಿಜ, ನಡೆಯುತ್ತದೆ, ಬೇರೆ ಗಡಿಯಾರದ ಕಾಲಲ್ಲಿ.
ಕನ್ನಡಿ ಬೇಡ. ಹಿಂದಿನ ಹಲಗೆ ಮೊನ್ನೆಯದು,
ಅಂಟಿನ ವಾಸನೆ ಇನ್ನೂ ಆರಿಲ್ಲ.
ನೂರಾ ಎಂಟನೇ ಪೆಟ್ಟಿಗೆ ತೆರೆದು ಮೂಸಿದೆ:
ಕರ್ಪೂರ, ಇಲಿ, ಎಂದೋ ಮುಗಿದ ಸೆಂಟು.
ಇದು ಪಾಸು.

ಆಮೇಲೆ, ಕಿಟಕಿಯ ಹತ್ತಿರ, ಅದು.
ನೀಲಿ ಚೀನೀ ಭರಣಿ, ಸೊಂಟದೆತ್ತರ,
ಹೊಟ್ಟೆ ಸುತ್ತಿ ಹತ್ತಿ ಬಂದು
ಬಾಯಿಯ ಅಂಚಿನಲ್ಲಿ ಬಾಲ ಚಾಚಿದ ಡ್ರ್ಯಾಗನ್.
ಪಟ್ಟಿಯಲ್ಲಿ: 'ಸ್ಥಿತಿ ಅಖಂಡ.'

ಸಂತೆಯಲ್ಲಿ ಮಾರುವವಳೇ ಆದರೂ ನಮ್ಮವ್ವ
ಕೊಳ್ಳುವವರಿಗೆ ಹೇಳುತ್ತಿದ್ದಳು, ತಟ್ಟಿ ನೋಡವ್ವಾ,
ಗಡಿಗಿ ಸುಳ್ಳು ಹೇಳೂದಿಲ್ಲ, ಕುಂಬಾರ ಹೇಳ್ಯಾನು.
ಬೆರಳ ಗೆಣ್ಣಿನಿಂದ ತಟ್ಟಿದೆ. ಹೊಟ್ಟೆಯಲ್ಲಿ ಗಂಟೆ.
ಕೊರಳಲ್ಲಿ ಗಂಟೆ.
ಬಾಯಿಗೆ ಬಂದಾಗ
ನೆಗಡಿಯಾದವನ ಹಾಗೆ ಒಂದು ಉತ್ತರ.

ತಟ್ಟುವ ಮೊದಲೇ ನನಗೆ ಗೊತ್ತಿತ್ತು.

ತೊಂಬತ್ತನಾಲ್ಕು, ಶ್ರಾವಣ. ಕಸಬಾ ಪೇಠೆಯ ಕುಂಬಾರವಾಡೆಗೆ
ರಿಕ್ಷಾದಲ್ಲಿ ಬಂದಿದ್ದಳು ಗುಲ್‌ಚೆಹೆರ್ ಮಾಯಿ,
ದಿಂಬಿನ ಚೀಲದಲ್ಲಿ ಮೂರು ಚೂರು, ಒಂದು ಮುಷ್ಟಿ ಪುಡಿ.
ಗಂಡ ಮಹಾಬಳೇಶ್ವರದಿಂದ ಇಳಿಯಲು ಹನ್ನೊಂದು ದಿನ.
ಇದೇ ಕಿಟಕಿ, ಇದೇ ಬೆಳಕು,
ಪಕ್ಕದ ಸ್ಟೂಲಿನ ಮೇಲೆ ಆರುತ್ತಿದ್ದ ಗವತಿ ಚಹಾ.
'ಯಾರಿಗೂ ತಿಳಿಯಬಾರದು ಈರಣ್ಣ.'
'ತಿಳಿಯುವುದಿಲ್ಲ ಮಾಯಿ.'
ಅಳಿಲುಕೂದಲ ಕುಂಚದಿಂದ ಬಾಲದ ತುದಿ ಬರೆದೆ,
ನೀಲಿ ನೀಲಿಗೆ ಒಪ್ಪುವ ತನಕ ಹದಿನಾಲ್ಕು ಸಲ ಅಳಿಸಿ.
ಗಂಡ ಬಂದ. ನೋಡಿದ. ಅದರೊಳಗೆ ಕೊಡೆ ಇಟ್ಟ.
ಇಬ್ಬರೂ ಈಗ ಇಲ್ಲ. ಕೊಟ್ಟ ಮಾತು ಉಳಿದಿದೆ.

ಗುಟ್ಟು ಹೇಳುವವನಂತೆ ಬಾಗಿ
ಅಂಚನ್ನು ಹಲ್ಲಿಗೆ ತಾಗಿಸಿದೆ.
ಚೀನಾದ್ದು ತಣ್ಣಗೆ, ಕರ್ ಅನ್ನುತ್ತದೆ;
ನನ್ನದು ತುಸು ಮೆತ್ತಗೆ, ಒಣಕೊಬ್ಬರಿಯ ಹಾಗೆ.
ಆ ನೇರಳೆ ಬೆಳಕಿನ ಬ್ಯಾಟರಿ ಹಿಡಿದರೆ ಸಾಕು,
ಬಾಲದ ತುದಿ ಕೆನೆಯಂತೆ ಬೆಳಗಿಬಿಡುತ್ತದೆ.
ಹಿಡಿಯಲಿಲ್ಲ.

'ಹೇಗಿದೆ?' ಅಂದಳು ಛತ್ರೆಬಾಯಿ. 'ಅಖಂಡ ತಾನೆ?'

ಭರಣಿಯದೊಂದು ಬಾಯಿ, ಬಾಯಿಯದೊಂದು ಬಾಯಿ,
ನಡುವೆ ನನ್ನದು, ಮೂವತ್ತು ವರ್ಷ ಮುಚ್ಚಿದ್ದು.
ಇಲ್ಲ, ಅಂದೆ. ಇಲ್ಲಿ ಒಡೆದಿತ್ತು. ಮೂರು ಚೂರು.
'ಎಲ್ಲಿ?' ಕನ್ನಡಕ ಏರಿಸಿದಳು. 'ಎಲ್ಲಿ?'
ಭೂತಗನ್ನಡಿ ಕೊಟ್ಟೆ. ಕಿಟಕಿ ತೆರೆದೆ. ಬೆರಳಿಟ್ಟೆ.
'ನನಗೇನೂ ಕಾಣುತ್ತಿಲ್ಲವಲ್ಲ ಕುಂಬಾರ!'

ಮಾಯಿ, ಕ್ಷಮಿಸು. ಇನ್ನೊಮ್ಮೆ ಹೇಳಲಿ ಅಂತ
ಬೆರಳನ್ನು ಬಾಲದ ಗುಂಟ ತುಸು ಸರಿಸಿದೆ.

'ಇಲ್ಲ, ಕಾಣುತ್ತಿಲ್ಲ,' ಅಂದಳು.
ಆಮೇಲೆ ನನ್ನದೇ ಪೆನ್ನು ಕೇಳಿ ಇಸಿದುಕೊಂಡು
ಪಟ್ಟಿಯಲ್ಲಿ ತಾನು ಬರೆದ ಬೆಲೆ ಹೊಡೆದುಹಾಕಿ
ಅದರರ್ಧ ಬರೆದಳು.