ಹದಿನೇಳಾರ್ಲ

ಬುಧವಾರವೋ ಗುರುವಾರವೋ, ಮೊದಲು ಅದು ಇತ್ಯರ್ಥವಾಗಲಿ.
ಲಾಗ್ ಪುಸ್ತಕದಲ್ಲಿ ಎರಡೂ ದಿನಕ್ಕೆ ನನ್ನದೇ ಸಹಿ,
ಎರಡರ ಮೇಲೂ ಒಂದೇ ಕಾಫಿ ಲೋಟದ ಕಲೆ.

ಸೋಮವಾರ ಮಾತ್ರ ಚೆನ್ನಾಗಿ ನೆನಪಿದೆ. ಸಿಡಿಲು
ಹೆಸರಘಟ್ಟದ ಕಡೆಯಿಂದ ಬಂದು
ಪೀಣ್ಯದ ನೀರಿನ ಟ್ಯಾಂಕಿನ ಮೇಲಿದ್ದ ನಮ್ಮ ರಿಪೀಟರನ್ನು
ಒಮ್ಮೆ ಮೂಸಿ ಹೋಗಿತ್ತು.
ಪೆಟ್ಟಿಗೆ ತೆರೆದರೆ ಸೀದ ಹುರಿಗಡಲೆಯ ವಾಸನೆ.
ನೂರ ಹನ್ನೆರಡು ಮೆಟ್ಟಿಲು ಮೇಲೆ ನಾನು,
ಫ್ಯೂಸು ಕೆಳಗೆ ಜೀಪಿನಲ್ಲಿ.
"ಮರೆತವಳೂ ನೀನು, ಇಳಿಯೋಳೂ ನೀನು" ಅಂದರು ಲೂರ್ದುಸ್ವಾಮಿ.
ಇಳಿದೆ, ಹತ್ತಿದೆ.
ಮೊಣಕಾಲು ಈಗಲೂ ಎಣಿಸುತ್ತಲೇ ಇದೆ.

ಆಮೇಲೆ ವಾರವೆಲ್ಲ ಕಲಸಿಹೋಯಿತು:
ಎಸ್‌.ಪಿ. ರೋಡಿನ ಗಲ್ಲಿಯಲ್ಲಿ ಕನೆಕ್ಟರಿಗೆ ಚೌಕಾಸಿ,
ಯಾವುದೋ ಮೆರವಣಿಗೆಗೆ ಅರವತ್ತು ಸೆಟ್ಟು, ನಲವತ್ತೇ ಚಾರ್ಜರು,
ಟಿನ್ ಫ್ಯಾಕ್ಟರಿಯ ಸೇತುವೆ ಕೆಳಗೆ ನಿಂತು
"ಒಂದು, ಎರಡು, ಮೂರು, ಕೇಳ್ತಾ ಇದ್ಯಾ?" ಎಂದು
ಗಾಳಿಯನ್ನು ವಿಚಾರಿಸುತ್ತಿದ್ದರೆ
ಹೂವಿನಾಕೆ ಮೊಳ ಹಾಕುತ್ತ
"ಕೇಳ್ತದೆ ಕಣಮ್ಮಾ, ನಾನೇನು ಕಿವುಡಿಯಾ?" ಅಂದಳು.
ಒಂದೊಂದು ಗಾಜಿನ ಕಟ್ಟಡ ಏಳುವಾಗಲೂ
ಅದರ ಹಿಂದೆ ಒಂದು ಠಾಣೆಗೆ ಕಿವಿ ಮಂದ.
ಊರವರ ಹತ್ತಿರ ರಸ್ತೆಗಳ ನಕ್ಷೆಯಿದೆ,
ನನ್ನ ಹತ್ತಿರ ನೆರಳುಗಳದ್ದು.

ಶುಕ್ರವಾರ ರಾತ್ರಿ ಎಂಟೂ ಹತ್ತಕ್ಕೆ
ಪಶ್ಚಿಮದ ಚಾನೆಲ್ಲು ಕಟ್ಟಿಕೊಂಡಿತು.
ಯಾರದೋ ಸೆಟ್ಟಿನ ಗುಂಡಿ ಒತ್ತಿದ್ದು ಒತ್ತಿದ ಹಾಗೇ.
ಒಬ್ಬರ ಗುಂಡಿ ಸಿಕ್ಕಿಕೊಂಡರೆ ಉಳಿದವರೆಲ್ಲ ಮೂಗರು.
ಮಳೆ ಬೇರೆ. ಓಕಳಿಪುರದ ಅಂಡರ್‌ಪಾಸು ತುಂಬುತ್ತಿದೆ,
ಕಂಡವನಿಗೆ ಹೇಳಲು ದಾರಿಯಿಲ್ಲ.

ಲೂರ್ದು ಓಡಿಸಿದರು. ನಾನು ಮೀನಿನ ಮುಳ್ಳಿನಂಥ ಆಂಟೆನಾವನ್ನು
ಕಿಟಕಿಯಾಚೆ ಹಿಡಿದು, ತೋಳೆಲ್ಲ ನೆನೆದು,
ಮೀಟರಿನ ಕಡ್ಡಿ ಎತ್ತ ಏಳುತ್ತದೋ ಅತ್ತ ಎಂದೆ.
ಸ್ಪೀಕರಿನಲ್ಲಿ ಮೊದಲು ಕುಕ್ಕರಿನ ಸೀಟಿ.
ಇನ್ನೊಂದು.
ಆಮೇಲೆ ಒಂದು ಮಗು:
ಹದಿನೇಳೊಂದ್ಲ ಹದಿನೇಳು,
ಹದಿನೇಳೆರಡ್ಲ ಮೂವತ್ನಾಲ್ಕು,
ಠಾಣೆ ಠಾಣೆಯಲ್ಲಿ, ಗಸ್ತಿನ ಹೊಯ್ಸಳಗಳಲ್ಲಿ,
ಸಾಹೇಬರ ಮೇಜಿನ ಮೇಲೂ ಅದೇ ಮಗ್ಗಿ.
ಹದಿನೇಳಾರ್ಲ ಎನ್ನುವಲ್ಲಿ ನಿಂತಿತು.
ಇಡೀ ಪಶ್ಚಿಮ ವಿಭಾಗ ಉಸಿರು ಹಿಡಿಯಿತು.
"ನೂರ ಎರಡು" ಅಂದರು ಲೂರ್ದು, ಸ್ಟೀರಿಂಗಿಗೆ.
"ತೊಂಬತ್ತೆಂಟು" ಅಂದಿತು ಮಗು.
ಈರುಳ್ಳಿ ಹೆಚ್ಚುವ ಸದ್ದು ನಿಂತು, ತಾಯಿ:
"ಮೊದಲಿಂದ ಹೇಳು."

ಅಗ್ರಹಾರ ದಾಸರಹಳ್ಳಿ. ಜೀಪು ಹಿಡಿಸದ ಓಣಿ,
ಮಹಡಿಯ ಮೇಲೊಂದು ಶೀಟಿನ ಮನೆ.
ಖಾಕಿ ಪ್ಯಾಂಟಿನ ಮೇಲೆ ನೈಟಿ ತೊಟ್ಟು ಬಾಗಿಲು ತೆರೆದಳು
ಹೋಮ್‌ಗಾರ್ಡ್ ಸಿದ್ದಗಂಗಮ್ಮ.
"ಐದಕ್ಕೇ ಡ್ಯೂಟಿ ಮೇಡಂ, ಅಷ್ಟೊತ್ತಿಗೆ ಬಸ್ಸಿರಲ್ಲ, ಅದಕ್ಕೇ ಸೆಟ್ಟು ಮನೆಗೇ..."
ಸ್ಕೂಲ್ ಬ್ಯಾಗಿನಡಿ ಮಲಗಿತ್ತು ಸೆಟ್ಟು.
ಗುಂಡಿಯ ಸುತ್ತಲಿನ ರಬ್ಬರು ಒಣಗಿ ಹಪ್ಪಳವಾಗಿತ್ತು.
ಉಗುರಿನಿಂದ ಮೀಟಿದೆ. ಟಕ್.

ಊರು ಒಮ್ಮೆಗೇ ಬಾಯಿಬಿಟ್ಟಿತು:
ಓಕಳಿಪುರ, ಓಕಳಿಪುರ, ಹಗ್ಗ ತನ್ನಿ,
ಆಟೋ ಮೇಲೆ ಒಬ್ಬ ನಿಂತಿದ್ದಾನೆ, ಓವರ್, ಯಾರಾದರೂ, ಓವರ್.

ಅವಳು ಕೇಳಿದಳು. ಚಾಕು ಕೆಳಗಿಟ್ಟಳು.
"ಎಲ್ಲಾರ್ಗೂ ಕೇಳಿಸ್ತಾ?"
"ಕುಕ್ಕರ್ ಮಾತ್ರ" ಅಂದೆ.

ಅವನನ್ನು ಒಂಬತ್ತೂಕಾಲಿಗೆ ಇಳಿಸಿದರಂತೆ, ಚಳಿಗೆ ನಡುಗುತ್ತಿದ್ದನಂತೆ.
ಆ ಒಂದು ಗಂಟೆಯನ್ನು ಯಾರ ಹೆಸರಿಗೆ ಬರೆಯಲಿ?
ಯುಗಾದಿಗೆ ಮುಂಚೆಯೇ ನೂರು ರಬ್ಬರಿಗೆ
ಇಂಡೆಂಟು ಹಾಕಿದವಳು ನಾನು.
ಮತ್ತೆ ಕೇಳದೆ ಸುಮ್ಮನಿದ್ದವಳೂ.
ಲಾಗಿನಲ್ಲಿ ಬರೆದದ್ದು ಇಷ್ಟೇ:
'ಗುಂಡಿ ಹಳತು. ಸರಿಪಡಿಸಲಾಗಿದೆ.'

ಶನಿವಾರ ಬೆಳಗಿನ ಹಾಜರಿಗೆ
ಒಂದೊಂದೇ ಠಾಣೆ ಓಗೊಟ್ಟಿತು.
ಮಾಗಡಿ ರೋಡಿನ ಸರದಿ ಬಂದಾಗ
ಯಾರೋ, ದನಿ ಬದಲಿಸಿ, "ನೂರ ಎರಡು. ಓವರ್."
ಕಂಟ್ರೋಲು ಗದರಲಿಲ್ಲ.
ತುಸು ಹೊತ್ತು ಬರೀ ಸುಯ್ಯೆನ್ನುವ ಗಾಳಿ,
ಆಮೇಲೆ ಮುಂದಿನ ಠಾಣೆ.

ಭಾನುವಾರ ನಿದ್ದೆ ಮಾಡಬೇಕಿತ್ತು.
ಹಳೇ ಸೈಕಲ್ ಟ್ಯೂಬು ಬಿಡಿಸಿಟ್ಟುಕೊಂಡು
ಗುಂಡಿಯಗಲಕ್ಕೆ ಕತ್ತರಿಸುತ್ತ ಕೂತೆ.
ದೀಪ ಹಾಕುವ ಹೊತ್ತಿಗೆ
ಮೂವತ್ನಾಲ್ಕಾಗಿದ್ದವು.