ಎರಡಕ್ಕೂ ಮೂರಕ್ಕೂ ನಡುವೆ

ವಂಟಮುರಿ ಘಾಟಿನ ಅರ್ಧಕ್ಕೆ
ಬೆಳ್ಳಗೆ ಹೊಗೆಯುಗುಳಿ ನಿಂತಿತು ನನ್ನ ಪದ್ಮಿನಿ.
ಆರಿದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಿದರೆ
ಕೆನೆಗಟ್ಟಿದ ಚಹಾ.

ಹಗ್ಗ ಕಟ್ಟಿ ಎಳೆಸಿ ತಂದೆ ಉದ್ಯಮಬಾಗಕ್ಕೆ,
ಪುಂಡಲೀಕ ಲೋಹಾರನ ಶೆಡ್ಡಿಗೆ.
ಅವನು ಬಗ್ಗಿ ನೋಡಲೇ ಇಲ್ಲ,
ಹೊಗೆಯ ವಾಸನೆ ಹಿಡಿದು ಹೇಳಿದ:
"ಹೆಡ್ ಪ್ಯಾಕಿಂಗ ಸುಟ್ಟೈತ್ರಿ ಅಕ್ಕಾರ.
ಎರಡಕ್ಕೂ ಮೂರಕ್ಕೂ ನಡುವ."

ಹತ್ತು ಬೋಲ್ಟು ಬಿಚ್ಚಿದರೂ ಹೆಡ್ಡು ಏಳಲೊಲ್ಲದು.
ಹತ್ತೊಂಬತ್ತು ವರ್ಷದ ಅಂಟು.
ಮರದ ಸುತ್ತಿಗೆಯಿಂದ ತಟ್ಟುತ್ತ, ಬೈಯುತ್ತ,
ಹಟಮಾರಿ ಎಮ್ಮೆ ಎಬ್ಬಿಸಿದಂತೆ ಎಬ್ಬಿಸಿದ.
ಒಳಗೆ ಅವನಂದದ್ದೇ:
ಎರಡನೆಯ ಬಾವಿಗೂ ಮೂರನೆಯ ಬಾವಿಗೂ ನಡುವೆ
ಉಗುರಗಲ ಕಪ್ಪು ಬಿರುಕು.
ಹೆಡ್ಡಿನ ಮಗ್ಗುಲಿಗೆ ಪಂಚಿನ ಎರಡು ಚುಕ್ಕಿ.
ಬೆರಳಾಡಿಸಿದ, ಸುಮ್ಮನಾದ.
"ನಮ್ಮಪ್ಪಂದು ಇದು. ಎರಡು ಸಲ ಸಾಣಿ ಹಿಡಿದಾನ.
ಹೆಡ್ಡು ತೆಳ್ಳಗಾಗೇತಿ. ದಪ್ಪ ಪ್ಯಾಕಿಂಗ ಬೇಕು."

ಖಾನಾಪುರ ರಸ್ತೆಯ ಅಂಗಡಿಯಲ್ಲಿ ಮೂರು ತೋರಿಸಿದರು.
ಮೊದಲನೆಯದು ಮಿರಿಮಿರಿ, ಬೆಲೆಯೂ ಕಡಿಮೆ.
ಪುಂಡಲೀಕ ಅದನ್ನು ಹಳೆಯದರ ಮೇಲಿಟ್ಟು
ಬೆಳಕಿಗೆ ಹಿಡಿದ: ನೀರಿನ ತೂತು ಒಂದು ಕಮ್ಮಿ.
ಎರಡನೆಯದು ತಾಮ್ರದ್ದು, ನಾನು ಮನಸೋತದ್ದು ಅದಕ್ಕೇ,
ಆದರೆ ಎಷ್ಟೋ ವರ್ಷ ಮೊಳೆಗೆ ನೇತಾಡಿ
ಸೊಂಟ ಮುರಿದುಕೊಂಡಿತ್ತು.
"ಒಮ್ಮೆ ಮಡಚಿದ್ದು ಮತ್ತ ನೆಟ್ಟಗಾಗೂದಿಲ್ರಿ."
ಮೂರನೆಯದು ಬೂದಿ ಬಣ್ಣ, ದಪ್ಪ, ಚೆಲುವಿಲ್ಲದ್ದು.
ಅದನ್ನೇ ತಂದೆವು.

ಥರ್ಮೋಸ್ಟಾಟಿನ ಬಾಯಿಗೆ ಮಾತ್ರ ಎಲ್ಲೂ ಸಿಗಲಿಲ್ಲ.
"ದಪ್ಪ ಹಾಳಿ ಏನರ ಐತೇನ್ರಿ?"
ಬ್ಯಾಗಿನಲ್ಲಿ ಉಳಿದಿದ್ದವು
ನನ್ನ ನಿವೃತ್ತಿ ಸಮಾರಂಭದ ಆಮಂತ್ರಣ ಪತ್ರಿಕೆ, ಹದಿನೆಂಟು.
ಒಂದನ್ನು ಕಬ್ಬಿಣದ ಬಾಯಿಗೆ ಹೊಂದಿಸಿ
ಸುತ್ತಿಗೆಯ ಗುಂಡು ತಲೆಯಿಂದ ಅಂಚಿಗುಂಟ
ಟಕಟಕ ಬಡಿದ. ತನ್ನಷ್ಟಕ್ಕೆ ತಾನೇ ಕತ್ತರಿಸಿ ಬಿತ್ತು
ಒಂದು ಉಂಗುರ, ಎರಡು ತೂತು.
"ಶ್ರೀಮತಿ ಕಾಶವ್ವ ಹು." ಅಲ್ಲಿಗೆ ನಿಂತಿತು ನನ್ನ ಹೆಸರು.
ಮೂವತ್ತಾರು ವರ್ಷ ಸೂಜಿ ಚುಚ್ಚಿದ ನರ್ಸಮ್ಮ
ಗ್ರೀಸು ಮೆತ್ತಿಕೊಂಡು ಹೋಗಿ ಕೂತಳು
ನೀರು ಕುದಿಯುವ ಜಾಗದಲ್ಲಿ.

ನಾನಂದೆ: ಪುಂಡಲೀಕ, ಮನಿಯೊಳಗೂ ಹಿಂಗನ ನೋಡು,
ಇಬ್ಬರು ಗಟ್ಟಿ ಮಂದಿ ನಡುವ ಒಬ್ಬಾಕಿ ಮೆತ್ತನ್ನಾಕಿ...
"ಅದು ಇರಲ್ರಿ. ಆ ಹದಿನೇಳರ ಪಾನಾ ಕೊಡ್ರಿ."

ನಡುವಿನಿಂದ ಶುರು, ಹೊರಕ್ಕೆ, ಸುತ್ತಿ ಸುತ್ತಿ.
ಮೊದಲ ಸುತ್ತು ಸುಮ್ಮನೆ ಮುಟ್ಟಿಸುವಷ್ಟು.
ಎರಡನೆಯದಕ್ಕೆ ಮೊಣಕೈ.
ಮೂರನೆಯದಕ್ಕೆ ಉಸಿರು ಹಿಡಿದ,
ಲೋಹ ಕಿರ್ರೆಂದಿತು, ಕಣ್ಣು ಮುಚ್ಚಿ ಆಲಿಸಿದ, ಬಿಟ್ಟ.
"ಐನೂರು ಕಿಲೋಮೀಟರ ಓಡಿಸಿ ಬರ್ರಿ.
ಇನ್ನೊಂದು ಎಳತ ಹಾಕೂದೈತಿ."

ಸುಟ್ಟದ್ದನ್ನು ಬಿಸಾಕದೆ ತಂದು
ಅಡುಗೆಮನೆಯ ಕಿಟಕಿಗೆ ನೇತುಹಾಕಿದ್ದೇನೆ.
ಬೆಳಗಿನ ಬಿಸಿಲು ಕಟ್ಟೆಯ ಮೇಲೆ
ನಾಲ್ಕು ದುಂಡು ಬಿಡುತ್ತದೆ;
ಎರಡು, ಮೂರು ಕೈ ಹಿಡಿದಿರುತ್ತವೆ.

ಮೀಟರಿನ ಲೆಕ್ಕಕ್ಕೆ ನಾನೂರಾ ಮೂವತ್ತು ಆಯಿತು.
ಖಾನಾಪುರಕ್ಕೆ ಹೋಗಿ ಬಂದರೆ ಐವತ್ತೆರಡು.
ಉಳಿದ ಹದಿನೆಂಟಕ್ಕೆ
ನೆಪ ಹುಡುಕುತ್ತಿದ್ದೇನೆ.